ಚೆನ್ನಾಗಿ ಸಹಿಸಿಕೊಂಡರು

ಆ ಬೆಳಗ್ಗೆ ಉದ್ದನಪಲ್ಲಿಯ ಮೇಲೆ ಮಂಜು ಹೇಗೆ ಬಿದ್ದಿತ್ತೆಂದರೆ, ಕೊಟ್ಟಿಗೆಯ ಮುಂದೆ ಕಟ್ಟಿದ್ದ ಹಸುವಿನ ಕೊರಳ ಗಂಟೆ ಕೇಳಿಸುತ್ತಿತ್ತು, ಹಸು ಮಾತ್ರ ಕಾಣಿಸುತ್ತಿರಲಿಲ್ಲ. ಟೊಮೆಟೊ ಗಿಡಗಳಿಗೆ ಆಸರೆ ಕೊಟ್ಟ ಗಳುಗಳ ತುದಿಗಳಷ್ಟೇ ಬಿಳುಪಿನಿಂದ ಮೇಲೆದ್ದು ನಿಂತಿದ್ದವು. ಧನುರ್ಮಾಸದ ಚಳಿ, ಕಂಬಳಿಗೆ ಹೆದರುವಂಥದ್ದಲ್ಲ. ತಿಮ್ಮರಾಯಸ್ವಾಮಿ ಗುಡಿಯ ಗಂಟೆ ಬಾರಿಸಿ ನಿಂತ ಸ್ವಲ್ಪ ಹೊತ್ತಿಗೆ ಗೋವಿಂದಮ್ಮ ಸೆರಗಿನೊಳಗೆ ಏನನ್ನೋ ಮುಚ್ಚಿಕೊಂಡು ಮಂಜಿನೊಳಗಿನಿಂದ ಬಂದಳು. ಮುತ್ತುಗದ ದೊನ್ನೆ. ಅದರ ತುಂಬ ಹುಗ್ಗಿ. ತುಪ್ಪ ಬಿಸಿಗೆ ಕರಗಿ ಮೆಣಸಿನ ಕಾಳುಗಳ ಸುತ್ತ ಹೊಳೆಯುತ್ತಿತ್ತು.

ಸೊಸೆ ನಾಗವೇಣಿ ಸ್ನಾನ ಮುಗಿಸಿ, ಹೊರಡಲು ಸಿದ್ಧಳಾಗಿ ಜಗಲಿಯ ಮೇಲೆ ಕೂತಿದ್ದಳು.

"ತಗೋ ಕಣವ್ವ, ಆರೋಗ್ತದೆ," ಎಂದಳು ಅತ್ತೆ.

"ಅತ್ತೆ, ರಾತ್ರಿ ಹನ್ನೆರಡರ ಮೇಲೆ ಏನೂ ಮುಟ್ಬಾರ್ದು ಅಂದವ್ರೆ. ನೀರೂ ಕುಡ್ದಿಲ್ಲ ನಾನು."

"ಏನೂ ಅಂದ್ರೆ ಊಟ, ತಿಂಡಿ. ಇದು ಪ್ರಸಾದ. ಏಕಾದಶಿ ದಿನ ಬಾಯಿಗೆ ತೀರ್ಥ ಪ್ರಸಾದ ಬಿದ್ರೆ ಉಪವಾಸ ಕೆಟ್ಟೋಯ್ತು ಅಂತ ಯಾರಾನ ಅಂದವ್ರಾ? ಹದಿನೆಂಟು ದಿನದಿಂದ ಒದ್ದೆ ಸೀರೇಲಿ ಸುತ್ತು ಬತ್ತಾ ಇದೀನಿ. ನಿಂಗೋಸ್ಕರ ಕಣೇ."

ಆ ಸೀಮೆಯಲ್ಲಿ ಪ್ರಸಾದವನ್ನು ಊಟವೆಂದು ಕರೆದವರು ಯಾರೂ ಇರಲಿಲ್ಲ. ಜ್ವರ ಬಂದು ಪಥ್ಯದಲ್ಲಿರುವವನ ಬಾಯಿಗೂ ಒಂದು ಅಗುಳು ಹಾಕುತ್ತಾರೆ. ಅದಕ್ಕೆ ತೂಕವಿಲ್ಲ, ಅದು ಹೊಟ್ಟೆಗೆ ಹೋಗುವುದಿಲ್ಲ, ನೇರ ಜೀವಕ್ಕೆ ಹೋಗುತ್ತದೆ ಎಂಬುದು ಹಿರಿಯರಿಂದ ಬಂದ ಮಾತು. ನಾಗವೇಣಿ ಒಂದು ತುತ್ತು ಕಣ್ಣಿಗೊತ್ತಿಕೊಂಡು ತಿಂದಳು. ಮುದುಕಿ ಎದುರಿಗೇ ನಿಂತು ನಡುಗುತ್ತಿದ್ದಳು. ತಲೆಯಿಂದ ಇನ್ನೂ ನೀರು ಇಳಿಯುತ್ತಿತ್ತು. ಪ್ರಸಾದವನ್ನು ಉಳಿಸಬಾರದು. ದೊನ್ನೆ ಖಾಲಿಯಾಯಿತು.

ಮದುವೆಯಾಗಿ ಒಂಬತ್ತು ವರ್ಷ. ನಾಗವೇಣಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ಬ್ರೇಕಿನ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಳು. ಗಂಡ ಕುಮಾರೇಶ್ ಎರಡು ಎಕರೆಯಲ್ಲಿ ಟೊಮೆಟೊ, ಚೆಂಡುಹೂವು ಬೆಳೆಯುತ್ತಿದ್ದ. ಹೋದ ತಿಂಗಳು ಕೃಷ್ಣಗಿರಿಯ ಡಾಕ್ಟರು ಸ್ಕ್ಯಾನ್ ಮಾಡಿ, ಗರ್ಭಕೋಶದೊಳಗೆ ಹುರುಳಿಕಾಳಿನಷ್ಟು ಒಂದು ಗಂಟು ಬೆಳೆದಿದೆ, ಅದಕ್ಕೇ ಏನೂ ನಿಲ್ಲುತ್ತಿಲ್ಲ ಎಂದಿದ್ದರು. ಹೊಟ್ಟೆ ಕೊಯ್ಯುವ ಮಾತೇ ಇಲ್ಲ. ಕೆಳಗಿನಿಂದಲೇ ಸಣ್ಣ ಕ್ಯಾಮೆರಾ ಕೊಳವೆ ಇಳಿಸಿ ಗಂಟನ್ನು ಕತ್ತರಿಸಿ ತೆಗೆಯುವುದು. ನಿದ್ದೆಯ ಇಂಜೆಕ್ಷನ್ ಕೊಡುತ್ತಾರೆ. ಏಳುವಷ್ಟರಲ್ಲಿ ಮುಗಿದಿರುತ್ತದೆ, ಸಂಜೆಗೆ ಮನೆ.

ಕುಮಾರೇಶ್ ತರಕಾರಿ ಸಾಗಿಸುವ ತನ್ನ ಸಣ್ಣ ಗಾಡಿಯನ್ನು ಹೊರಡಿಸಿದ. ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ರಾಯಕೋಟೆ ದಾಟುವವರೆಗೂ ದೀಪ ಹಾಕಿಕೊಂಡೇ ಹೋಗಬೇಕಾಯಿತು.

ಸಂತಾನ ಕೇಂದ್ರ ಹೆದ್ದಾರಿಯ ಪಕ್ಕದಲ್ಲೇ ಇತ್ತು. ಬಾಗಿಲಲ್ಲಿ ಗುಂಡುಮುಖದ ಮಗುವಿನ ಚಿತ್ರ, ಅದರ ಕೆಳಗೆ ತಮಿಳು, ತೆಲುಗು, ಕನ್ನಡ ಮೂರರಲ್ಲೂ ಬರೆದಿತ್ತು: ‘ಗಾಯವಿಲ್ಲ, ನೋವಿಲ್ಲ, ಅಂದೇ ಮನೆಗೆ’. ನರ್ಸ್ ಸೆಲ್ವಿ ಹಸಿರು ಅಂಗಿ ತೊಡಿಸಿ, "ಏನಾದ್ರೂ ಸಾಪ್ಟೀಂಗಳಾ ಅಕ್ಕಾ, ತಿಂದ್ರಾ?" ಎಂದು ಕೇಳಿದಳು. ನಾಗವೇಣಿ ಇಲ್ಲ ಎಂದಳು. ಅವಳ ಮಟ್ಟಿಗೆ ಅದು ಸುಳ್ಳಲ್ಲ. ಸೆಲ್ವಿ ಕಾಗದದ ಮೇಲೆ ಗುರುತು ಹಾಕಿದಳು.

ಆಮೇಲೆ ನಿದ್ದೆ ಕೊಡುವ ಡಾಕ್ಟರು ಬಂದರು. ಲಕ್ಷ್ಮೀಪತಿ ಎಂದು ಹೆಸರು, ಆ ಸೀಮೆಯವರೇ.

"ಕಾಫಿ? ಬಿಸ್ಕತ್ತು? ನೀರು?"

"ಇಲ್ಲ ಸಾರ್."

"ಪ್ರಸಾದ?"

ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಅಳತೆ ಪಟ್ಟಿ ತುಂಬಿದ ಕೈ ನಾಗವೇಣಿಯದು. ಕೇಳಿದ ಪ್ರಶ್ನೆಗೆ ಇದ್ದದ್ದನ್ನೇ ಹೇಳಬೇಕು. "ಒಂದು ದೊನ್ನೆ ಹುಗ್ಗಿ," ಎಂದಳು.

"ನೋಡಿದ್ರಾ? ಈ ತಿಂಗಳು ಪೂರ್ತಿ ನಂಗೆ ಇದೇ ಪಾಡು," ಎಂದು ಅವರು ಸೆಲ್ವಿಯ ಕಡೆ ತಿರುಗಿ, ಮತ್ತೆ ನಾಗವೇಣಿಗೆ ಮೆತ್ತಗೆ ಹೇಳಿದರು. "ದೇವರದ್ದೇ ಆದ್ರೂ ಹೊಟ್ಟೆಗೆ ಅದು ಅನ್ನಾನೇ ಅಮ್ಮ. ನಿದ್ದೆಯಲ್ಲಿ ವಾಂತಿ ಬಂದು ಶ್ವಾಸಕ್ಕೆ ಇಳಿದ್ರೆ ಪ್ರಾಣಕ್ಕೇ ಬರುತ್ತೆ. ನಾನು ಕೊಡೋದಿಲ್ಲ. ಇನ್ನೊಂದು ದಿನ ಬನ್ನಿ." ಹೇಳಿ ಕೈಚೀಲ ತೆಗೆದುಕೊಂಡು ಹೊರಟೇ ಹೋದರು.

ಇನ್ನೊಂದು ದಿನ. ಸರಿ, ಅದೇನು ದೊಡ್ಡ ಮಾತು ಎಂದುಕೊಂಡು ನಾಗವೇಣಿ ಮೇಜಿನಿಂದ ಕಾಲು ಇಳಿಬಿಟ್ಟಳು. ಅಷ್ಟರಲ್ಲಿ ದೊಡ್ಡ ಡಾಕ್ಟರು ರಾಧಾಮಣಿ ಒಳಗೆ ಬಂದು, ವಿಷಯ ಕೇಳಿ, ಹುಬ್ಬು ಗಂಟಿಕ್ಕಿ, ಅವಳ ಮುಖವನ್ನೂ ನೋಡದೆ ಹೊರಗೆ ಹೋದರು. ಬಾಗಿಲು ಅರ್ಧ ತೆರೆದೇ ಇತ್ತು.

"ತಿಂಗಳ ದಿನ ಕಳೆದ ಮೇಲಿನ ಈ ನಾಲ್ಕು ದಿನದಲ್ಲೇ ಮಾಡಬೇಕು," ಡಾಕ್ಟರ ಧ್ವನಿ. "ನಾಳೆಯಿಂದ ನಾನು ಸೇಲಮ್‌ನಲ್ಲಿರ್ತೀನಿ. ಬಿಟ್ರೆ ಮುಂದಿನ ತಿಂಗಳೇ. ಇಲ್ಲಾಂದ್ರೆ ಇಂಜೆಕ್ಷನ್ ಇಲ್ದೇನೂ ಮಾಡಬಹುದು. ಚಿಕ್ಕದು, ಎರಡು ನಿಮಿಷದ ಕೆಲಸ. ಏನಂತೀರಿ?"

"ಇವತ್ತೇ ಆಗ್ಬುಡ್ಲಿ ತಾಯಿ," ಎಂದಳು ಗೋವಿಂದಮ್ಮ. "ದಿನ ಚೆನ್ನಾಗೈತೆ. ಸ್ವಾಮಿ ಹೂ ಕೊಟ್ಟವ್ನೆ."

"ಸೈನ್ ಎಲ್ಲಿ ಹಾಕ್ಬೇಕು ಮೇಡಂ?" ಎಂದ ಕುಮಾರೇಶ್.

ನಾಗವೇಣಿ ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೂತಿದ್ದಳು. ಐದು ಹೆಜ್ಜೆ ದೂರದಲ್ಲಿ ಅವಳ ಮೈಯ ವಿಚಾರ ಮೂರು ಬಾಯಲ್ಲಿ ಮುಗಿದುಹೋಯಿತು. ನಾಲ್ಕನೆಯ ಬಾಯಿ ಅವಳದು. ಅದನ್ನು ಯಾರೂ ಕೇಳಲಿಲ್ಲ.

ಡಾಕ್ಟರು ಕೈಗವಸು ತೊಡುತ್ತ ಬಂದರು. "ನಿಮ್ಮನೆಯವರು ಒಪ್ಪಿದಾರೆ. ಮಲಗಮ್ಮ."

"ನೋವಾಗ್ತದಾ ಮೇಡಂ?"

"ಸ್ವಲ್ಪ ಚುರುಕ್ ಅನ್ನುತ್ತೆ."

"ತಡ್ಕೊಳಾಕೆ ಆಗ್ದಿದ್ರೆ ನಿಲ್ಲಿಸಿ ಅಂತೀನಿ."

"ಹ್ಞೂಂ, ಹೇಳು. ನಿಲ್ಲಿಸ್ತೀನಿ."

ಆ ಮಾತನ್ನು ನಂಬಿಯೇ ಅವಳು ಮಲಗಿದ್ದು. ಹನ್ನೊಂದು ವರ್ಷ ನಿಂತು ದುಡಿದ ಜಾಗದಲ್ಲಿ ತಲೆಯ ಮೇಲೆ ಒಂದು ಕೆಂಪು ಗುಂಡಿ ಇದೆ. ಏನಾದರೂ ತಪ್ಪು ಕಂಡರೆ, ಮೊನ್ನೆ ಸೇರಿದ ಹುಡುಗಿ ಒತ್ತಿದರೂ ಯಂತ್ರಗಳ ಸಾಲು ಪೂರ್ತಿ ನಿಲ್ಲುತ್ತದೆ. ಯಾಕೆ ನಿಲ್ಲಿಸಿದೆ ಎಂದು ಆಮೇಲೆ ಕೇಳುತ್ತಾರೆ, ಮೊದಲು ನಿಲ್ಲಿಸುತ್ತಾರೆ. ನಿಲ್ಲಿಸಿ ಎಂಬ ಮಾತಿಗೆ ಲೋಕದಲ್ಲಿ ಅಷ್ಟು ಬೆಲೆ ಇದೆ ಎಂದೇ ಅವಳು ತಿಳಿದಿದ್ದಳು.

ಮೊದಲು ತಣ್ಣಗಿನ ಕಬ್ಬಿಣ. ಆಮೇಲೆ ಒಳಗೆ ಉಪ್ಪುನೀರು ತುಂಬತೊಡಗಿತು. ಅಲ್ಲಿಯವರೆಗೆ ತನ್ನೊಳಗೆ ಇದೆಯೆಂದೇ ಗೊತ್ತಿರದ ಒಂದು ಜಾಗ ಉಬ್ಬಿ, ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡಿದ ಹಾಗೆ ಹಿಂಡಿಕೊಂಡಿತು. "ಕೆಮ್ಮಮ್ಮ, ಜೋರಾಗಿ ಕೆಮ್ಮು," ಎಂದರು ಡಾಕ್ಟರು. ಕೆಮ್ಮಿದಳು. ಆ ಕೆಮ್ಮಿನ ನಡುವೆ ಏನೋ ಕಚ್ಚಿ ಹಿಡಿದು ಎಳೆಯಿತು.

"ನಿಲ್ಸಿ ಮೇಡಂ."

"ಆಯ್ತು ಆಯ್ತು, ಇನ್ನೊಂದೇ ನಿಮಿಷ."

ಗೋಡೆಯ ಗಡಿಯಾರ ಕಣ್ಣೆದುರಿಗೇ ಇತ್ತು. ಒಂದು ನಿಮಿಷ ಆಯಿತು. ಎರಡಾಯಿತು.

"ನಿಲ್ಸಿ! ದಮ್ಮಯ್ಯ, ನಿಲ್ಸಿ!"

"ಅಲ್ಲಾಡಬೇಡ. ಸೆಲ್ವಿ, ಮಂಡಿ ಹಿಡ್ಕೋ."

ಸೆಲ್ವಿ ಹಿಡಿದಳು. "ಕೊಂಜಂ ಪೊರುತ್ಕೋ ಅಕ್ಕಾ, ಸ್ವಲ್ಪ ತಡ್ಕೋ," ಎನ್ನುತ್ತಲೇ ಹಿಡಿದಳು. ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು, ಆದರೂ ಬಿಡಲಿಲ್ಲ. ಮೂರನೆಯ ಸಲ ನಾಗವೇಣಿ ಕೂಗಿದ್ದು ಮಾತಿನ ಹಾಗಿರಲಿಲ್ಲ. ಅದು ಹೊರಗಿನ ಓಣಿಗೂ ಕೇಳಿಸಿತು. ಎಲ್ಲ ಮುಗಿದಾಗ ಹನ್ನೊಂದು ನಿಮಿಷ ಕಳೆದಿತ್ತು.

ಸಂಜೆಯವರೆಗೂ ಮಲಗಿಸಿ, ಒಂದು ಮಾತ್ರೆ ಕೊಟ್ಟು, ಕಾಗದಗಳ ಕಂತೆ ಕೈಗಿಟ್ಟು ಕಳಿಸಿದರು. ರಾಯಕೋಟೆ ರಸ್ತೆಯಲ್ಲಿ ಎಷ್ಟು ಉಬ್ಬುಗಳಿವೆ ಎಂಬುದು ಆ ದಿನ ಅವಳ ಹೊಟ್ಟೆಗೆ ಗೊತ್ತಾಯಿತು. ಗೋವಿಂದಮ್ಮ ದಾರಿಯುದ್ದಕ್ಕೂ ಸೊಸೆಯ ತಲೆಯನ್ನು ಭುಜಕ್ಕೊರಗಿಸಿಕೊಂಡು, "ಎಲ್ಲಾ ಒಳ್ಳೇದಾಯ್ತು, ಎಲ್ಲಾ ಒಳ್ಳೇದಾಯ್ತು" ಎನ್ನುತ್ತಿದ್ದಳು. ನಾಗವೇಣಿ ಗಾಡಿಯೊಳಗಿನ ದೀಪದ ಬೆಳಕಿನಲ್ಲಿ ಕಾಗದ ಓದುತ್ತಿದ್ದಳು. ಇಂಗ್ಲಿಷಿನಲ್ಲಿ ಬರೆದಿತ್ತು. ಕಾರ್ಖಾನೆಯ ಪಟ್ಟಿಗಳನ್ನು ಓದಿ ಓದಿ ಅಷ್ಟು ಇಂಗ್ಲಿಷು ಅವಳಿಗೆ ಬರುತ್ತಿತ್ತು. ಗಂಟಿನ ಅಳತೆ, ಉಪ್ಪುನೀರಿನ ಲೆಕ್ಕ, ಕೊನೆಗೆ ಒಂದು ಸಾಲು: ರೋಗಿ ನಿರಾಳವಾಗಿದ್ದರು, ಚಿಕಿತ್ಸೆಯನ್ನು ಚೆನ್ನಾಗಿ ಸಹಿಸಿಕೊಂಡರು.

ಅವಳು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಕಾಗದ ಮಡಿಸಿ ಎದೆಗೆ ಇಟ್ಟುಕೊಂಡಳು. ಕೆಂಡವನ್ನು ಮಡಿಲಿಗೆ ಹಾಕಿಕೊಂಡ ಹಾಗಿತ್ತು.

ನೋವಿಗೆ ಆಯುಸ್ಸು ಕಡಿಮೆ. ನಾಲ್ಕು ದಿನಕ್ಕೆ ಹೊಟ್ಟೆ ಸರಿಯಾಯಿತು, ಆರನೆಯ ದಿನ ಅವಳು ಕೆಲಸಕ್ಕೂ ಹೋದಳು. ಆದರೆ ಸಿಟ್ಟು ಹಾಗಲ್ಲ. ಅದು ಬೀಜದ ಜಾತಿ, ನೀರು ಹಾಕದೆಯೂ ಮೊಳೆಯುತ್ತದೆ. ಒಂದೊಂದು ಬಿಡಿಭಾಗವನ್ನೂ ಅಳೆದು ‘ಸರಿ ಇದೆ’ ಎಂದು ಬರೆಯುವಾಗ ಅವಳ ಕೈ ನಿಲ್ಲುತ್ತಿತ್ತು. ನೋಡದೆ ‘ಸರಿ ಇದೆ’ ಎಂದು ಬರೆದವರನ್ನು ಅಲ್ಲಿ ಕೆಲಸದಿಂದ ತೆಗೆಯುತ್ತಾರೆ. ಆ ಡಾಕ್ಟರು ನೋಡದೆ ಬರೆದದ್ದಲ್ಲ, ನೋಡಿಯೂ ಬರೆದದ್ದು.

"ಆಗಿದ್ದು ಆಗೋಯ್ತು. ಒಂದು ಸಾಲಿಗೆ ಯಾಕೆ ಹಿಂಗೆ ಕುದೀತೀಯ?" ಎಂದ ಕುಮಾರೇಶ್, ಮುಖ ತೊಳೆಯುತ್ತಾ. "ಯಾರು ಓದ್ತಾರೆ ಅದನ್ನ?"

"ನಾನು ಓದ್ದೆ."

"ಗಂಟು ಹೋಯ್ತಲ್ಲ ಮಾರಾಯ್ತಿ."

"ನೀವು ಸೈನ್ ಎಲ್ಲಿ ಹಾಕ್ಬೇಕು ಅಂತ ಕೇಳಿದ್ರಿ. ಒಳಕ್ಕೆ ಬಂದು ನನ್ನ ಕೇಳಿದ್ರಾ? ಐದು ಹೆಜ್ಜೆ. ಟೊಮೆಟೊ ಕೊಳ್ಳೋನು ಬಂದ್ರೆ ತೋಟದ ತುದೀಗಂಟ ಓಡ್ತೀರಲ್ಲ."

ಕುಮಾರೇಶನ ಮುಖ ಕೆಂಪಾಯಿತು. "ನಿಂಗೋಸ್ಕರ ತಾನೆ ಮಾಡಿದ್ದು? ಇನ್ನೊಂದು ತಿಂಗಳು ಕಾಯೋಣ ಅಂದಿದ್ರೆ ಆಗ್ಲೂ ನಂಗೇ ಬಯ್ತಿದ್ದೆ."

"ಬಯ್ತಿದ್ನೋ ಇಲ್ವೋ, ನೀವು ಕೇಳಿದ್ರೆ ತಾನೆ ಗೊತ್ತಾಗೋದು!"

ಅಡುಗೆಮನೆಯಿಂದ ಗೋವಿಂದಮ್ಮ ಹೊರಬಂದಳು. ನಿದ್ದೆಯ ಮದ್ದು ಯಾಕೆ ಕೊಡಲಿಲ್ಲ ಎಂಬುದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಆ ದಿನ ನಾಗವೇಣಿ ಹೇಳಿದಳು. ಹುಗ್ಗಿಯ ಮಾತು ಬಂದ ಕೂಡಲೇ ಮುದುಕಿ ಸಿಡಿದಳು.

"ಏನೇ, ತಿಮ್ಮರಾಯಸ್ವಾಮಿ ಪ್ರಸಾದಕ್ಕೆ ದೋಷ ಹೊರಿಸ್ತೀಯಾ? ನಾಲಿಗೆ ಬಿದ್ದೋದೀತು!"

"ಪ್ರಸಾದಕ್ಕೆ ಹೊರಿಸಿಲ್ಲ ಅತ್ತೆ. ಪ್ರಸಾದ ತಿಂದಿದ್ದಕ್ಕೆ ಆ ಡಾಕ್ಟರು ಇವತ್ತು ಬ್ಯಾಡ ಅಂದ್ರು. ಅದು ಸ್ವಾಮೀನೇ ಆಡಿಸಿದ ಮಾತು ಅಂದ್ಕೊಳ್ಳಿ. ಇವತ್ತೇ ಆಗ್ಬುಡ್ಲಿ ಅಂದಿದ್ದು ಯಾರು?"

ಗೋವಿಂದಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ದೇವರನ್ನು ಅಡ್ಡ ಹಿಡಿದು ನಿಂತವರಿಗೆ ದೇವರೇ ಪಕ್ಕಕ್ಕೆ ಸರಿದ ಹಾಗಾಗುವ ಗಳಿಗೆ ಇದೆಯಲ್ಲ, ಅಂಥದ್ದು. ಅವಳು ಹಿತ್ತಲಿಗೆ ಹೋಗಿ ತುಳಸಿಕಟ್ಟೆಯ ಬಳಿ ಬಹಳ ಹೊತ್ತು ಕೂತಳು.

ಹತ್ತನೆಯ ದಿನ ಮೂವರೂ ಮತ್ತೆ ಕೃಷ್ಣಗಿರಿಗೆ ಹೋದರು. ರಾಧಾಮಣಿ ಡಾಕ್ಟರು ಪರೀಕ್ಷೆಯ ವರದಿ ನೋಡಿ ನಗುಮುಖದಿಂದ ಹೇಳಿದರು. "ಗಂಟು ಕೆಟ್ಟದ್ದಲ್ಲ, ಭಯ ಇಲ್ಲ. ಆದ್ರೆ ಬುಡ ಸ್ವಲ್ಪ ಉಳ್ಕೊಂಡಿದೆ. ಅವತ್ತು ನೀನು ಅಲ್ಲಾಡಿಬಿಟ್ಟೆಯಲ್ಲ, ಅದಕ್ಕೆ. ಮುಂದಿನ ತಿಂಗಳು ಇನ್ನೊಂದ್ಸಲ ನೋಡಿ ತೆಗೆದುಬಿಟ್ರೆ ದಾರಿ ಸಲೀಸು."

ನಾಗವೇಣಿಯ ಕಿವಿ ಬಿಸಿಯಾಯಿತು. ನೋವು ಕೊಟ್ಟವರು ಅವರು, ಅಲ್ಲಾಡಿದ ತಪ್ಪು ಇವಳದ್ದು.

ಅವಳು ಮಡಿಸಿದ ಕಾಗದವನ್ನು ತೆಗೆದು ಮೇಜಿನ ಮೇಲೆ ಬಿಚ್ಚಿ, ಆ ಸಾಲಿನ ಕೆಳಗೆ ಬೆರಳಿಟ್ಟಳು. "ಮೇಡಂ, ಇದು ಸುಳ್ಳು. ಇದನ್ನ ಸರಿ ಮಾಡ್ಕೊಡಿ. ಆಮೇಲೆ ಮುಂದಿನ ತಿಂಗಳ ಮಾತು."

"ಯಾವುದು?"

"ನಿರಾಳವಾಗಿದ್ರು, ಚೆನ್ನಾಗಿ ಸಹಿಸ್ಕೊಂಡ್ರು. ನಾನು ಮೂರು ಸಲ ನಿಲ್ಲಿಸಿ ಅಂದೆ. ಹೇಳು, ನಿಲ್ಲಿಸ್ತೀನಿ ಅಂತ ನೀವೇ ಅಂದಿದ್ರಿ. ನಿಲ್ಲಿಸ್ಲಿಲ್ಲ. ಅದನ್ನ ಬರೀರಿ."

ಡಾಕ್ಟರು ನಕ್ಕರು. ಕೆಟ್ಟ ನಗುವಲ್ಲ, ದಣಿದವರ ನಗು. "ಅಮ್ಮ, ಎಲ್ರೂ ನಿಲ್ಲಿಸಿ ಅಂತಾರೆ. ಹೆರಿಗೆಯಲ್ಲೂ ಅಂತಾರೆ. ಅಂದವರಿಗೆಲ್ಲ ನಿಲ್ಲಿಸ್ತಾ ಕೂತ್ರೆ ಯಾವ ಕೆಲಸಾನೂ ಮುಗಿಯಲ್ಲ. ಎಲ್ಲಾ ನಿನ್ನ ಒಳ್ಳೇದಕ್ಕೇ. ಅದೂ ಅಲ್ದೆ ನಿಮ್ಮನೆಯವರು ಒಪ್ಪಿ ಸೈನ್ ಹಾಕಿದ್ದಾರೆ."

"ಮೇಜಿನ ಮೇಲೆ ಮಲಗಿದ್ದು ನಮ್ಮನೆಯವ್ರಲ್ಲ."

ಕುಮಾರೇಶ್ ಕುರ್ಚಿಯಲ್ಲಿ ಮುದುಡಿದ. "ವೇಣಿ, ಸಾಕು. ಮೇಡಂ, ನೀವು ಬೇಜಾರು ಮಾಡ್ಕೋಬೇಡಿ, ಅವ್ಳು ಸ್ವಲ್ಪ..."

"ಸ್ವಲ್ಪ ಏನು?" ಎಂದು ಕೇಳಿದ್ದು ಗೋವಿಂದಮ್ಮ.

ಎಲ್ಲರೂ ಮುದುಕಿಯ ಕಡೆ ತಿರುಗಿದರು. ಅವಳು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದವಳು ಎದ್ದು ನಿಂತಳು.

"ಡಾಕ್ಟ್ರಮ್ಮ, ಇವತ್ತೇ ಮಾಡಿ ಅಂದೋಳು ನಾನು. ಆ ತಪ್ಪು ನಂದು, ನಾನೆಲ್ಲಿ ಹೇಳ್ಕೋಬೇಕೋ ಅಲ್ಲಿ ಹೇಳ್ಕೊಂಡಿವ್ನಿ. ಆದ್ರೆ ಆ ಬಾಗ್ಲಾಚೆ ನಿಂತು ನಾನು ಕೇಳಿಸ್ಕೊಂಡೆ. ಮೂರು ಸಲ ಕೂಗಿದ್ಲು. ಮೂರನೇದು ಕೇಳಿ ಕಿವಿ ಮುಚ್ಕೊಂಡ್ಬುಟ್ಟೆ. ಕಿವಿ ಮುಚ್ಕೊಂಡೋಳೇ ಕೇಳಿಸ್ತು ಅಂತಾವ್ಳೆ. ಮಂಡಿ ಮುಂದೆ ಕೂತಿದ್ದ ನಿಮಗೆ ಕೇಳಿಸ್ಲಿಲ್ವಾ?"

ಡಾಕ್ಟರ ಮುಖದಿಂದ ನಗು ಹೋಯಿತು. "ಒಮ್ಮೆ ಬರೆದ ದಾಖಲೆಯನ್ನ ಅಳಿಸೋಕೆ ಆಗಲ್ಲಮ್ಮ. ಕಾನೂನು ಇದೆ."

"ಅಳಿಸ್ಬೇಡಿ," ಎಂದಳು ನಾಗವೇಣಿ. "ನಮ್ಮಲ್ಲೂ ಅಳಿಸ್ಬಾರ್ದು. ಕೆಳಗೆ ನಿಜ ಬರ್ದು ತಾರೀಖು ಹಾಕಿ ಸೈನ್ ಹಾಕ್ತೀವಿ. ನೀವೂ ಹಾಕಿ."

"ಹೊರಗೆ ಇಪ್ಪತ್ತು ಜನ ಕಾಯ್ತಿದ್ದಾರೆ. ಸೆಲ್ವಿ, ಮುಂದಿನವರನ್ನ ಕರಿ."

ಮಾತು ಅಲ್ಲಿಗೆ ಮುಗಿಯಿತು, ಅಂದರೆ ಡಾಕ್ಟರ ಮಟ್ಟಿಗೆ. ಓಣಿಗೆ ಬಂದ ಮೇಲೆ ಕುಮಾರೇಶ್ ಗಾಡಿಯ ಬೀಗದ ಕೈ ತೆಗೆದ. ನಾಗವೇಣಿ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು.

"ಏಳು."

"ಏಳಲ್ಲ."

"ಒಂಬತ್ತು ವರ್ಷ ಆಯ್ತು ಕಣೇ. ಈಯಮ್ಮನ ಕೈಗುಣ ಚೆನ್ನಾಗೈತೆ ಅಂತ ಎಲ್ಲರೂ ಅಂತಾರೆ. ಮುನಿಸ್ಕೊಂಡ್ರೆ ಇನ್ನೆಲ್ಲಿಗೆ ಹೋಗೋದು? ಮಗ ಬೇಡ್ವಾ ನಿಂಗೆ?"

ಒಂಬತ್ತು ವರ್ಷಗಳ ಪ್ರತಿ ತಿಂಗಳೂ ಅವಳು ಅದನ್ನೇ ಬೇಡಿದ್ದಳು. ಆದರೆ ಆ ಮೇಜಿನ ಮೇಲೆ ತನ್ನ ಮಾತಿಗೆ ಬೆಲೆಯಿಲ್ಲ ಎಂದು ಒಪ್ಪಿಕೊಂಡು ಮತ್ತೆ ಮಲಗುವುದು ಅವಳಿಂದ ಆಗದು. "ಬೇಕು. ಅದಕ್ಕೇ ಕೂತಿರೋದು. ಇಲ್ಲಿ ಬರ್ದು ಕೊಡೋಗಂಟ ನಾನು ಇವ್ರ ಕೈಗೂ ಮೈ ಕೊಡಲ್ಲ, ಇನ್ನೊಬ್ಬರ ಕೈಗೂ ಕೊಡಲ್ಲ," ಎಂದಳು.

ಗೋವಿಂದಮ್ಮ ಬಂದು ಸೊಸೆಯ ಪಕ್ಕ ಕೂತಳು. ಕುಮಾರೇಶ್ ಇಬ್ಬರನ್ನೂ ನೋಡಿದ. "ನೀನೂನಾ ಅವ್ವ?" ಎಂದ. ಬೀಗದ ಕೈ ಜೇಬಿಗೆ ಹಾಕಿಕೊಂಡು ಎದುರಿನ ಗೋಡೆಗೆ ಒರಗಿ ನಿಂತ.

ಬೆಂಚಿನ ಇನ್ನೊಂದು ತುದಿಯಲ್ಲಿ ಜವಳಗಿರಿಯ ಮುನಿರತ್ನ ಎಂಬ ಎಳೆ ಹೆಂಗಸು ಹಸಿರು ಅಂಗಿ ತೊಟ್ಟು ಕೂತಿದ್ದಳು. ಅವಳ ಸರದಿ ಮುಂದಿನದು. ಒಳಗಿನ ಮಾತೆಲ್ಲ ಅವಳ ಕಿವಿಗೂ ಬಿದ್ದಿತ್ತು.

"ಅಕ್ಕಾ, ನಂದು ಬರೀ ಕ್ಯಾಮೆರಾ ಹಾಕಿ ನೋಡೋದಂತೆ. ಕತ್ತರಿಸೋದಿಲ್ವಂತೆ. ನೋಯ್ತದಾ?" ಎಂದು ಪಿಸುಗುಟ್ಟಿದಳು.

ನಾಗವೇಣಿ ಸುಳ್ಳು ಹೇಳಬಹುದಿತ್ತು. ಕರುಣೆಯ ಸುಳ್ಳು ಸುಲಭ. ಹಾಗೆ ಹೇಳಿದವರಿಂದಲೇ ತಾನು ಇಲ್ಲಿ ಕೂತಿರುವುದು ಎಂದು ನೆನಪಾಯಿತು. "ನೋಯ್ತದೆ ಕಣವ್ವ. ಒಬ್ಬೊಬ್ರಿಗೆ ಒಂದೊಂದು ಥರ. ಮೊದ್ಲೇ ಮಾತ್ರೆ ಕೊಡ್ತಾರಾ ಕೇಳು. ನಿಲ್ಸಿ ಅಂದ್ರೆ ನಿಲ್ಲಿಸ್ತೀರಾ ಅಂತ ಕೇಳು. ಹ್ಞೂಂ ಅಂದ್ರೆ ಆ ನರ್ಸಮ್ಮನ್ನ ತೋರ್ಸಿ, ಇವ್ರು ಸಾಕ್ಷಿ ಅನ್ನು. ಮಲಗಿದ ಮೇಲೆ ಕೇಳಬೇಡ. ಕೂತಿರುವಾಗ್ಲೇ ಕೇಳು."

"ಬಯ್ಯಲ್ವಾ?"

"ಬಯ್ಲಿ," ಎಂದಳು ಗೋವಿಂದಮ್ಮ. "ಬೈಗುಳ ಮೈಗೆ ಅಂಟ್ಕೊಳಲ್ಲ. ಕೇಳ್ದೆ ಇದ್ರೆ ಅದು ಅಂಟ್ಕೊತದೆ."

ಬಾಗಿಲಲ್ಲಿ ನಿಂತಿದ್ದ ಸೆಲ್ವಿ ಇದನ್ನೆಲ್ಲ ಕೇಳಿಸಿಕೊಂಡಳು. ಮುನಿರತ್ನಳನ್ನು ಒಳಗೆ ಕರೆದುಕೊಂಡು ಹೋದಳು.

ಬಾಗಿಲು ಮುಚ್ಚಿತು. ಓಣಿಯ ಮೂವರೂ, ಕುಮಾರೇಶನೂ ಸೇರಿ, ಆ ಬಾಗಿಲನ್ನೇ ನೋಡುತ್ತ ಉಳಿದರು. ಒಳಗೆ ಮಾತು ಕೇಳಿಸಿತು. ಮೌನ. ಮತ್ತೆ ಮಾತು. ಆಮೇಲೆ ಒಂದು ಸಣ್ಣ ಕೂಗು. ಗೋವಿಂದಮ್ಮನ ಕೈ ತಾನಾಗಿ ಕಿವಿಯ ಕಡೆ ಎದ್ದಿತು. ಅರ್ಧದಲ್ಲೇ ತಡೆದು ಮಡಿಲಿಗೆ ಇಳಿಸಿದಳು. ಬೆಳಗಿನಿಂದ ಏನನ್ನೂ ಬೇಡದಿದ್ದ ನಾಗವೇಣಿ ಆಗ ಬೇಡಿಕೊಂಡಳು: ಸ್ವಾಮೀ, ಆ ಮಗು ಹೇಳಿದ್ದು ಯಾರಿಗಾದರೂ ಕೇಳಿಸಲಿ.

ಒಳಗೆ ಲೋಹದ ಸಾಮಾನು ತಟ್ಟೆಗೆ ಬಿದ್ದ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ನೀರು ಕೊಡು ಎಂದು ಯಾರೋ ಹೇಳಿದರು. ಮತ್ತೆ ಸ್ವಲ್ಪ ಹೊತ್ತು.

ಮುನಿರತ್ನ ಗೋಡೆ ಹಿಡಿದುಕೊಂಡು ತಾನೇ ನಡೆದು ಬಂದಳು. ಮುಖ ಬಿಳಿಚಿತ್ತು, ಹಣೆಯ ಕುಂಕುಮ ಬೆವರಿಗೆ ಇಳಿದಿತ್ತು. ಬೆಂಚಿನ ಮುಂದೆ ನಿಂತು, "ಎರಡು ಸಲ ನಿಲ್ಲಿಸಿದ್ರು ಅಕ್ಕಾ," ಎಂದಳು. "ಮೊದಲ್ನೇ ಸಲ ಕೂಗಿದಾಗ ಡಾಕ್ಟ್ರಮ್ಮ ಇನ್ನೊಂದ್ನಿಮಿಷ ಅಂದ್ರು. ಈ ಸಿಸ್ಟರು ನನ್ನ ಮಂಡಿ ಬಿಟ್ಬುಟ್ಟು, ಅವ್ರು ನಿಲ್ಲಿಸಿ ಅಂತಾವ್ರೆ ಮೇಡಂ ಅಂದ್ರು. ಆಗ ನಿಲ್ಲಿಸಿದ್ರು. ಎರಡನೇ ಸಲ ಅವ್ರೇ ನಿಲ್ಲಿಸಿ, ಮುಂದಕ್ಕೆ ಹೋಗ್ಲಾ ಅಂತ ನನ್ನ ಕೇಳಿದ್ರು."

"ನೀನೇನಂದೆ?"

"ಹೋಗಿ ಅಂದೆ. ಕೇಳಿದ್ರಲ್ಲ, ಅದಕ್ಕೇ ತಡ್ಕೊಂಡೆ."

ನಾಗವೇಣಿಗೆ ಸಮಾಧಾನವಾಗಬೇಕಿತ್ತು. ಆಗಿದ್ದು ಅದಲ್ಲ. ಹಳೆಯ ಸಿಟ್ಟಿನ ಮೇಲೆ ಹೊಸ ಸಿಟ್ಟು ಹತ್ತಿಕೊಂಡಿತು. ನಿಲ್ಲಿಸಬಹುದಿತ್ತು ಹಾಗಾದರೆ. ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಅಷ್ಟು ಸುಲಭದ್ದನ್ನು ತನಗೆ ಮಾಡಲಿಲ್ಲ. ಅವಳ ಕಣ್ಣಿಂದ ನೀರು ಇಳಿಯಿತು. ಆ ದಿನ ಮೇಜಿನ ಮೇಲೆ ಬಾರದಿದ್ದ ನೀರು ಅದು. ಒರೆಸಿಕೊಳ್ಳಲಿಲ್ಲ.

ಕುಮಾರೇಶ್ ಎದುರಿನ ಗೋಡೆಯಿಂದ ಕದಲಿ ಬಂದ. ಹೆಂಡತಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. "ಅವತ್ತು ನಾನು ಒಳಕ್ಕೆ ಬರ್ಬೇಕಿತ್ತು," ಎಂದ. "ಐದು ಹೆಜ್ಜೆ ಅಂದ್ಯಲ್ಲ. ಅವತ್ತು ನಿಂತಿದ್ದ ಕಡೆಯಿಂದ ಬಾಗ್ಲಿಗೆ ಈಗ ಎಣಿಸ್ದೆ. ನಾಲ್ಕೇ."

"ಈಗ ಎಣಿಸಿದ್ರೆ ಏನು ಬಂತು?" ಎಂದಳು ಅವಳು. ಅವನು ತಲೆ ತಗ್ಗಿಸಿದ. ಆದರೂ ಅಲ್ಲಿಂದ ಏಳಲಿಲ್ಲ.

ರೋಗಿಗಳು ಒಬ್ಬೊಬ್ಬರಾಗಿ ಒಳಗೆ ಹೋಗಿ ಬಂದರು. ಕಾವಲುಗಾರ ಬಂದು ಊಟದ ಹೊತ್ತು, ಬಾಗಿಲು ಹಾಕಬೇಕು ಎಂದ. "ಹಾಕ್ಕೋ ಹೋಗಪ್ಪ, ನಾವೇನು ಬಾಗ್ಲು ಹೊತ್ಕೊಂಡು ಹೋಗಕ್ಕೆ ಬಂದಿಲ್ಲ," ಎಂದಳು ಗೋವಿಂದಮ್ಮ. ಅವನು ನಕ್ಕು, ಹೋಗಿ ಫ್ಯಾನು ಹಾಕಿದ. ಸೆಲ್ವಿ ಎರಡು ಸಲ ಕಡತ ಹಿಡಿದುಕೊಂಡು ಡಾಕ್ಟರ ಕೋಣೆಗೆ ಹೋಗಿ ಬಂದಳು. ಎರಡನೆಯ ಸಲ ಒಳಗಿನಿಂದ ಗಡುಸಾದ ತಮಿಳು ಕೇಳಿಸಿತು, ಆಮೇಲೆ ಸೆಲ್ವಿಯ ಮೆಲುದನಿ: ನಾನೂ ಸೈನ್ ಹಾಕ್ತೀನಿ ಮೇಡಂ, ನಾನೂ ಅಲ್ಲೇ ಇದ್ದೆ, ನಾನೇ ಹಿಡಿದುಕೊಂಡಿದ್ದೆ.

ಓಣಿ ಖಾಲಿಯಾದ ಮೇಲೆ ಬಾಗಿಲು ತೆರೆಯಿತು. ರಾಧಾಮಣಿ ಡಾಕ್ಟರು ಬಿಳಿ ಕೋಟು ಕಳಚಿಟ್ಟು ಬಂದಿದ್ದರು. ಕೈಯಲ್ಲಿ ಒಂದು ಹಾಳೆ ಇತ್ತು. ಕುಮಾರೇಶ್ ಎದ್ದು ನಿಂತು, ರೂಢಿಯಂತೆ ಕೈ ಚಾಚಿದ. ಡಾಕ್ಟರು ಆ ಕೈಯನ್ನು ದಾಟಿ ಬೆಂಚಿನ ಬಳಿಗೆ ಬಂದರು. ನಾಗವೇಣಿ ಎದ್ದಳು.

ಹಾಳೆಯನ್ನು ಅವರು ಅವಳ ಕೈಯಲ್ಲೇ ಇಟ್ಟರು.

ಹಳೆಯ ಸಾಲು ಹಾಗೇ ಇತ್ತು. ಅದರ ಕೆಳಗೆ, ಡಾಕ್ಟರದ್ದೇ ಅಕ್ಷರದಲ್ಲಿ, ಈ ಸಲ ಕನ್ನಡದಲ್ಲಿ ಹೀಗಿತ್ತು: ಮೇಲಿನ ಮಾತು ಸರಿಯಲ್ಲ. ನೋವು ಹೆಚ್ಚಾದರೆ ನಿಲ್ಲಿಸುವುದಾಗಿ ನಾಗವೇಣಿಯವರಿಗೆ ನಾನು ಮಾತು ಕೊಟ್ಟಿದ್ದೆ. ಅವರು ಮೂರು ಸಲ ನಿಲ್ಲಿಸಲು ಹೇಳಿದರು. ನಾನು ನಿಲ್ಲಿಸಲಿಲ್ಲ. ಕೆಳಗೆ ತಾರೀಖು, ಎರಡು ಸಹಿ.

ನಾಗವೇಣಿ ಒಂದೊಂದೇ ಪದದ ಮೇಲೆ ಬೆರಳು ಸರಿಸುತ್ತ ಓದಿದಳು. ಅವಳು ಕೊನೆಯ ಪದ ಮುಟ್ಟುವವರೆಗೂ ಡಾಕ್ಟರು ಎದುರಿಗೇ ನಿಂತಿದ್ದರು.